ಮಸೂರ

ಬೆಳಕನ್ನು ಬಾಗಿಸುವ ಗಾಜಿಗೆ ‘ಮಸೂರ’ವೆಂಬ ನಾಮಧೇಯವು ಸಂದುದು, ಸಂಸ್ಕೃತದಲ್ಲಿ ಅದೇ ಹೆಸರುಳ್ಳ, ನಮ್ಮ ಅಡಿಗೆಮನೆಗಳಲ್ಲಿ ಚನ್ನಂಗಿಯೆಂದು ಪರಿಚಿತವಾದ ಕಾಳಿನ ಇಬ್ಬದಿಯೂ ಉಬ್ಬಿದ ಆಕಾರದಿಂದ; ಲ್ಯಾಟಿನ್ನಿನ ‘ಲೆನ್ಸ್’ ಶಬ್ದಕ್ಕೂ ಮೂಲಾರ್ಥ ಆ ಕಾಳೇ. ಒಳತಗ್ಗಿದ ಗಾಜನ್ನು ‘ನಿಮ್ನಮಸೂರ’ವೆನ್ನುವಾಗ ಈ ಸಾದೃಶ್ಯವು ಅಳಿದುಹೋಗುತ್ತದೆ, ನಿಜ; ಆದರೆ ಕಾಳಿಗಿಂತ ಎಷ್ಟೋ ಕಿರಿದಾದ, ಮಿಲಿಮೀಟರಿನ ಅಂಶಮಾತ್ರ ಅಗಲದ ಸೂಕ್ಷ್ಮಮಸೂರಗಳಲ್ಲಿ ಅದು ಸೊಗಸಾಗಿ ಮರಳಿ ಬಂದಿದೆ. ಅಮೆರಿಕದ ಕಾರ್ನಿಂಗ್ ಸಂಸ್ಥೆಯವರ ವಿಧಾನದಂತೆ, ಬೆಳಕಿಗೆ ಸ್ಪಂದಿಸುವ ಗಾಜಿನ ತೆಳುಹಲಗೆಯಲ್ಲಿ ದುಂಡು ಚುಕ್ಕೆಗಳನ್ನಷ್ಟೇ ಮರೆಮಾಡಿ, ಅತಿನೇರಳೆ ಕಿರಣವನ್ನು ಹಾಯಿಸಿ ಕಾಯಿಸಿದರೆ, ಬೆಳಕುಂಡ ಭಾಗವು ಸ್ಫಟಿಕರೂಪವನ್ನು ತಳೆದು ಸಂಕೋಚಗೊಳ್ಳುತ್ತ, ನೆರಳಿನಲ್ಲುಳಿದ ಮೆದುಗಾಜನ್ನು ಹಿಂಡಿ ಹೊರದೂಡಲು, ಮೇಲ್ಮೈ ಎಳೆತವು ಅದನ್ನು ಹಲಗೆಯ ಉಭಯ ಮುಖಗಳಲ್ಲಿಯೂ, ಚನ್ನಂಗಿಯಂತೆಯೇ, ದುಂಡಗೆ ಉಬ್ಬಿಸುವುದು.