ಬೀರುವಿನೊಳಗಿನ ಎಲ್‌ಐಸಿ ಬಾಂಡು ಎಲ್ಲಿಂದ ಬಂತು?

ಮೇಷ್ಟ್ರು, ಬಸ್ ಕಂಡಕ್ಟರು, ಬ್ಯಾಂಕಿನ ಗುಮಾಸ್ತರು, ಹೀಗೆ ತಿಂಗಳ ಸಂಬಳದವರ ಮನೆಯ ಬೀರು ತೆಗೆದರೆ ಎಲ್‌ಐಸಿ ಬಾಂಡೋ ಪೋಸ್ಟಾಫೀಸಿನ ಎನ್‌ಎಸ್‌ಸಿಯೋ ಸಿಗುತ್ತದೆ. ದಿನಾಂಕ ನೋಡಿ, ಎಷ್ಟೋ ಬಾಂಡುಗಳು ಫೆಬ್ರವರಿ, ಮಾರ್ಚಿನವೇ. "ಉಳಿತಾಯದ ರಸೀದಿ ಕೊಡಿ, ಇಲ್ಲದಿದ್ದರೆ ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳುತ್ತೇವೆ" ಎಂದು ಆಫೀಸಿನವರು ಹೇಳುತ್ತಿದ್ದುದು ಅದೇ ಹೊತ್ತಿಗೆ. ಉಳಿಸಿದರೆ ತೆರಿಗೆ ಕಡಿಮೆ ಎಂಬ ಈ ಲೆಕ್ಕ ಬ್ರಿಟಿಷರ ಕಾಲದ್ದು.

1857ರ ದಂಗೆ ಅಡಗಿಸಲು ಮಾಡಿದ ಖರ್ಚಿನಿಂದ ಸರ್ಕಾರದ ಬೊಕ್ಕಸ ಖಾಲಿಯಾಗಿತ್ತು. ಇಂಗ್ಲೆಂಡಿನಿಂದ ಬಂದ ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆ ಹಾಕಿದರು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ದುಡಿಯುವವರಿಗೆ ಮಾತ್ರ ವಿನಾಯಿತಿ. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಕಲ್ಕತ್ತದಲ್ಲಿ ಕಾಯಿಲೆಯಿಂದ ತೀರಿಕೊಂಡರು. ತೆರಿಗೆಯೂ 1865ರಲ್ಲಿ ನಿಂತಿತು. ಆಮೇಲೆ ಬೇರೆ ಬೇರೆ ಹೆಸರಲ್ಲಿ ಬಂತು, ಹೋಯಿತು.

ಗಟ್ಟಿಯಾಗಿ ನೆಲೆ ನಿಂತದ್ದು 1886ರ ಕಾಯ್ದೆಯಿಂದ. ಅದರಲ್ಲಿ ನಮಗೆ ಮುಖ್ಯವಾದ ಮೂರು ಸಂಗತಿಗಳಿವೆ. ಬೇಸಾಯದ ಆದಾಯವನ್ನು ತೆರಿಗೆಯಿಂದ ಹೊರಗಿಟ್ಟರು, ರೈತ ಹೇಗೂ ಭೂಮಿಗೆ ಕಂದಾಯ ಕಟ್ಟುತ್ತಿದ್ದ. ಸರ್ಕಾರಿ ನೌಕರನ ತೆರಿಗೆಯನ್ನು ಸಂಬಳ ಕೈಗೆ ಬರುವ ಮೊದಲೇ ಹಿಡಿದುಕೊಂಡರು. ಜೀವವಿಮೆಗೆ ಕಟ್ಟಿದ ಕಂತಿಗೆ ವಿನಾಯಿತಿ ಕೊಟ್ಟರು. ವರ್ಷಕ್ಕೆ 500 ರೂಪಾಯಿ ಸಂಬಳದವನಿಗೆ ರೂಪಾಯಿಗೆ 4 ಪೈ ತೆರಿಗೆ. ಆಗ ರೂಪಾಯಿಗೆ 192 ಪೈ, ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಹತ್ತೂವರೆ ರೂಪಾಯಿ.

ಅಂಗಡಿಯವನ ಲಾಭ ಎಷ್ಟೆಂದು ಅಧಿಕಾರಿ ಊಹಿಸಬೇಕಿತ್ತು, ಅವನು ಚೌಕಾಸಿ ಮಾಡಬಹುದಿತ್ತು. ಸಂಬಳದವನ ಆದಾಯ ಸರ್ಕಾರದ ಪುಸ್ತಕದಲ್ಲೇ ಬರೆದಿತ್ತು. ಅವನಿಗೆ ಬಚ್ಚಿಡುವ ದಾರಿ ಇರಲಿಲ್ಲ, ಕಾನೂನು ಕೊಟ್ಟ ವಿನಾಯಿತಿ ಹುಡುಕುವುದೊಂದೇ ದಾರಿ. 'ಟ್ಯಾಕ್ಸ್ ಪ್ಲಾನಿಂಗ್' ಎಂದು ಇಂದು ಕರೆಯುವುದು ಇದನ್ನೇ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಇದೇ ದಾರಿಯನ್ನು ಅಗಲ ಮಾಡಿತು. ಅಣೆಕಟ್ಟು, ಕಾರ್ಖಾನೆ ಕಟ್ಟಲು ದುಡ್ಡು ಬೇಕಿತ್ತು. 1956ರಲ್ಲಿ ಎಲ್‌ಐಸಿ ಹುಟ್ಟಿತು, 1968ರಲ್ಲಿ ಪಿಪಿಎಫ್ ಬಂತು. ಇವಕ್ಕೆ ದುಡ್ಡು ಹಾಕಿದವರಿಗೆ ತೆರಿಗೆಯಲ್ಲಿ ರಿಯಾಯಿತಿ. ಸರ್ಕಾರಕ್ಕೆ ಸಾಲ ಸಿಕ್ಕಿತು, ನೌಕರನಿಗೆ ಮುಪ್ಪಿನ ಕಾಲಕ್ಕೆ ಗಂಟಾಯಿತು. 1973ರ ಸುಮಾರಿಗೆ ಅತಿ ದೊಡ್ಡ ಆದಾಯದ ಮೇಲಿನ ತೆರಿಗೆ ನೂರಕ್ಕೆ 97.75 ರೂಪಾಯಿವರೆಗೆ ಹೋಗಿತ್ತು! ಅಂಥ ಕಾಲದಲ್ಲಿ ವಿನಾಯಿತಿಗೆ ಎಷ್ಟು ಬೆಲೆ ಇದ್ದಿರಬೇಕು ನೋಡಿ.

1974ರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಬಂತು. ವ್ಯಾಪಾರಿ ತನ್ನ ಖರ್ಚು ಕಳೆದು ಉಳಿದದ್ದಕ್ಕೆ ತೆರಿಗೆ ಕಟ್ಟುತ್ತಾನೆ, ನೌಕರನಿಗೂ ಬಸ್ಸು, ಬಟ್ಟೆ, ಪುಸ್ತಕದ ಖರ್ಚಿಲ್ಲವೇ? ಅದಕ್ಕಾಗಿ ರಸೀದಿ ಕೇಳದೆ ಒಂದಿಷ್ಟು ಮೊತ್ತ ಬಿಡುವ ಏರ್ಪಾಡು ಇದು. 2005ರ ಬಜೆಟ್‌ನಲ್ಲಿ ಇದನ್ನು ತೆಗೆದರು. ಉಳಿತಾಯಕ್ಕೆ ಒಂದು ಲಕ್ಷದವರೆಗೆ ವಿನಾಯಿತಿ ಕೊಡುವ 80ಸಿ ಬಂದದ್ದೂ ಆ ಬಜೆಟ್‌ನಲ್ಲೇ. 2014ರಲ್ಲಿ ಅದು ಒಂದೂವರೆ ಲಕ್ಷವಾಯಿತು.

2018ರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 40,000 ರೂಪಾಯಿಯಾಗಿ ವಾಪಸು ಬಂದಾಗ ಬಹಳ ಜನ ಖುಷಿಪಟ್ಟರು. ಆದರೆ ಅದರ ಜೊತೆಗೆ ಓಡಾಟದ ಭತ್ಯೆಯ 19,200 ಮತ್ತು ವೈದ್ಯಕೀಯ ಖರ್ಚಿನ 15,000 ರೂಪಾಯಿ ವಿನಾಯಿತಿಯನ್ನು ಕಿತ್ತುಕೊಂಡಿದ್ದರು. ಎರಡನ್ನೂ ಪಡೆಯುತ್ತಿದ್ದವನಿಗೆ ಹೆಚ್ಚಾಗಿ ಸಿಕ್ಕ ವಿನಾಯಿತಿ ಬರೀ 5,800. ಬಜೆಟ್ ದಿನ ಟಿವಿಯಲ್ಲಿ ಕೊಟ್ಟದ್ದು ದೊಡ್ಡದಾಗಿ ಕಾಣುತ್ತದೆ, ತೆಗೆದುಕೊಂಡದ್ದು ಕಾಣುವುದಿಲ್ಲ.

ನಿಜವಾದ ತಿರುವು 2020ರಲ್ಲಿ. 80ಸಿ, ಮನೆ ಬಾಡಿಗೆ ಮುಂತಾದ ವಿನಾಯಿತಿ ಬಿಟ್ಟರೆ ಕಡಿಮೆ ದರದಲ್ಲಿ ತೆರಿಗೆ ಕಟ್ಟಿ ಎಂಬ ಹೊಸ ಪದ್ಧತಿ ಬಂತು. ಮೊದಮೊದಲು ಅದು ಬೇಕಾದವರಿಗೆ ಮಾತ್ರ. 2023ರಿಂದ ಹೊಸದೇ ಮಾಮೂಲು, ಹಳೆಯದು ಬೇಕಾದರೆ ಕೇಳಿ ಪಡೆಯಬೇಕು. 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ, ಸಂಬಳದವರಾದರೆ 75,000 ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ, ತೆರಿಗೆಯೇ ಇಲ್ಲ.

ತಿಂಗಳಿಗೆ 50,000 ರೂಪಾಯಿ ಸಂಬಳಕ್ಕೆ ಬೆಂಗಳೂರಿಗೆ ಹೋದ ನಮ್ಮೂರಿನ ಹುಡುಗನಿಗೆ ಇದು ಒಳ್ಳೆಯದೇ. ಅವನು ಯಾರಿಗೂ ರಸೀದಿ ತೋರಿಸಬೇಕಿಲ್ಲ. ಆದರೆ ಅವನಪ್ಪನ ತಲೆಮಾರಿಗೆ ಬಲವಂತಕ್ಕಾದರೂ ಒಂದು ಗಂಟು ಕೂಡಿತ್ತು. ಮಗಳ ಮದುವೆಗೆ, ಮನೆಯ ಮಾಳಿಗೆಗೆ ಆದದ್ದು ಆ ಫೆಬ್ರವರಿ ಪಾಲಿಸಿಗಳೇ. ಈಗ ಕೈಗೆ ಬಂದ ಹಣ ಬೈಕಿನ ಕಂತಿಗೂ ಫೋನಿನ ಕಂತಿಗೂ ಹೋಗುತ್ತದೋ, ಪಿಪಿಎಫ್‌ಗೆ ಹೋಗುತ್ತದೋ ಎಂದು ಕೇಳಲು ಯಾವ ಆಫೀಸಿನ ಗುಮಾಸ್ತನೂ ಇಲ್ಲ. ಮನೆಯವರೇ ಕೇಳಬೇಕು.