ಮನಸ್ಸಿಗೂ ಒಂದು ಪೀರಿಯಡ್ಡು



ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆಯ ಕೆಲವು ಶಾಲೆಗಳಲ್ಲಿ ಈಗ ಬೆಳಗಿನ ಪ್ರಾರ್ಥನೆಯಾದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಉಸಿರಾಟವನ್ನು ಗಮನಿಸಲು ಹೇಳುವುದುಂಟು. ವಾರಕ್ಕೊಮ್ಮೆ ಚಿತ್ರಕಲೆ, ನಾಟಕ ಅಥವಾ ‘ಜೀವನ ಕೌಶಲ’ದ ತರಗತಿಯೂ ನಡೆಯುತ್ತದೆ. ಇದೆಲ್ಲ ಇತ್ತೀಚಿನ ಫ್ಯಾಷನ್ ಎಂದು ಮೂಗು ಮುರಿಯುವವರಿದ್ದಾರೆ. ಇದರಿಂದಲೇ ಎಲ್ಲವೂ ಸರಿಹೋದೀತೆಂದು ನಂಬಿದವರೂ ಇದ್ದಾರೆ. ಇಬ್ಬರೂ ಸ್ವಲ್ಪ ಹಿಂದಿರುಗಿ ನೋಡುವುದು ಒಳ್ಳೆಯದು.

ಆಟ, ಹಾಡು, ನಾಟಕಗಳಿಗೂ ಮಕ್ಕಳ ಮನಸ್ಸಿಗೂ ನಂಟಿದೆ ಎಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ‘ಸರಸ್ವತಿ’ ಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮಕ್ಕಳು ಪರೀಕ್ಷೆಯ ಹಂಗಿಲ್ಲದೆ ಹಾಡಿ ಕುಣಿಯಲು ಅದೊಂದು ನೆಲೆಯಾಯಿತು. ಮುಂದೆ ಬಿ.ವಿ. ಕಾರಂತರು ರವೀಂದ್ರನಾಥ ಠಾಕೂರರ ಕಥೆಯನ್ನು ಆಧರಿಸಿ ‘ಪಂಜರ ಶಾಲೆ’ಯನ್ನು ರಂಗಕ್ಕೆ ತಂದರು. ಗಿಳಿಗೆ ವಿದ್ಯೆ ಕಲಿಸುವ ಸಡಗರದಲ್ಲಿ ಗಿಳಿಯನ್ನೇ ಎಲ್ಲರೂ ಮರೆಯುವ ಕಥೆ ಅದು. ಅಂದ ಹಾಗೆ, ನಮ್ಮ ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಪೀರಿಯಡ್ಡು ಎಂದರೆ ಗಣಿತದ ಮೇಷ್ಟ್ರು ಕಡ ಪಡೆದು ಹಿಂದಿರುಗಿಸದ ಪೀರಿಯಡ್ಡು!

‘ಮಾನಸಿಕ ಆರೋಗ್ಯ’ ಎಂಬ ಮಾತು ಶಾಲೆಗೆ ಬಂದದ್ದು ಬೇರೆ ದಾರಿಯಿಂದ, ಆಸ್ಪತ್ರೆಯ ಕಡೆಯಿಂದ. ಹತ್ತೊಂಬತ್ತನೆಯ ಶತಮಾನದಲ್ಲೇ ಬೆಂಗಳೂರಿನಲ್ಲಿ ಮನೋರೋಗಿಗಳ ಆಶ್ರಯಸ್ಥಾನವೊಂದಿತ್ತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಇಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಅದು ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು. ಓದಿನಲ್ಲಿ ಮನಸ್ಸು ನಿಲ್ಲದ, ರಾತ್ರಿ ನಿದ್ದೆ ಬಾರದ ಒಂಬತ್ತನೆಯ ತರಗತಿಯ ಹುಡುಗನನ್ನು ಯಾವ ತಂದೆತಾಯಿ ಅಲ್ಲಿಗೆ ಕರೆದೊಯ್ದಾರು?

ಮಗು ಆಸ್ಪತ್ರೆಗೆ ಬಾರದಿದ್ದರೆ ಆಸ್ಪತ್ರೆಯ ತಿಳಿವಳಿಕೆಯೇ ಶಾಲೆಗೆ ಹೋಗಬೇಕು. ನಿಮ್ಹಾನ್ಸ್‌ನ ಮಾಳವಿಕಾ ಕಪೂರ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದ ಕೊನೆಯ ಹೊತ್ತಿಗೇ ಶಾಲಾ ಶಿಕ್ಷಕರಿಗೆ ಆಪ್ತಸಮಾಲೋಚನೆಯ ತರಬೇತಿ ಕೊಡತೊಡಗಿದ್ದರು. ಊರೂರಿಗೆ ಮನೋವೈದ್ಯರನ್ನು ಒದಗಿಸುವುದು ಆಗದ ಮಾತು. ಮೇಷ್ಟ್ರು ಮಾತ್ರ ಎಲ್ಲ ಶಾಲೆಯಲ್ಲೂ ಇದ್ದಾರೆ. ಈ ಸರಳ ಲೆಕ್ಕಾಚಾರವೇ ಮುಂದಿನ ಎಲ್ಲ ಪ್ರಯತ್ನಗಳಿಗೂ ಬುನಾದಿಯಾಯಿತು ಎಂದು ನನಗೆ ತೋರುತ್ತದೆ.

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯದವರಿಗೆ ಬೇಕಾದ ಹತ್ತು ಜೀವನ ಕೌಶಲಗಳನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ತಿಳಿಯುವುದು, ಉದ್ವೇಗವನ್ನು ಹದ್ದುಬಸ್ತಿನಲ್ಲಿಡುವುದು ಮುಂತಾದುವು ಅದರಲ್ಲಿದ್ದವು. ಇದನ್ನು ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಕರ್ನಾಟಕದ ಪ್ರೌಢಶಾಲೆಗಳಿಗೆ ಒಗ್ಗಿಸಿದರು. ಉಪನ್ಯಾಸದ ಬದಲು ಚರ್ಚೆ, ಆಟ, ಪಾತ್ರಾಭಿನಯ. ನಡೆಸುವವರು ಅದೇ ಶಾಲೆಯ ಶಿಕ್ಷಕರು. ಒಂದು ವರ್ಷದ ನಂತರ ಅವರು ತರಬೇತಿ ಪಡೆದ 605 ವಿದ್ಯಾರ್ಥಿಗಳನ್ನು ಪಡೆಯದ 423 ವಿದ್ಯಾರ್ಥಿಗಳೊಡನೆ ಹೋಲಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದವರಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟವನ್ನು ಎದುರಿಸಬಲ್ಲೆನೆಂಬ ಧೈರ್ಯವಿತ್ತು, ಶಿಕ್ಷಕರೊಡನೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮನೆಯವರೊಡನೆ, ಓರಗೆಯವರೊಡನೆ ಹೊಂದಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾನಸಿಕ ತೊಂದರೆಯ ಲಕ್ಷಣಗಳಲ್ಲೂ ಕಾಣಲಿಲ್ಲ. ಇದನ್ನು ಮುಚ್ಚಿಡದೆ ಬರೆದದ್ದು ಆ ಅಧ್ಯಯನದ ದೊಡ್ಡತನ.

ಉಸಿರಾಟದ ಅಭ್ಯಾಸದ ಕಥೆಯೂ ಹೀಗೆಯೇ. ನಮ್ಮ ನಾಡಿನ ಬೌದ್ಧ ಧ್ಯಾನದಲ್ಲಿ ಬೇರುಳ್ಳ ಈ ಪದ್ಧತಿಯನ್ನು ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಅಳವಡಿಸಿದರು. ಅದು ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರು ಹೊತ್ತು ಶಾಲೆಗಳ ಮೂಲಕ ನಮ್ಮಲ್ಲಿಗೆ ಮರಳಿತು. ಬ್ರಿಟನ್ನಿನಲ್ಲಿ 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಶಾಲೆಗಳು ಮೊದಲಿಂದ ಕಲಿಸುತ್ತಿದ್ದ ಭಾವನಾತ್ಮಕ ಶಿಕ್ಷಣಕ್ಕಿಂತ ಇದು ಮಕ್ಕಳಿಗೆ ಹೆಚ್ಚೇನೂ ನೆರವಾಗಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದವರೂ ಕಡಿಮೆ. ಒಂದಿಷ್ಟು ಕಾಲ ಶಿಕ್ಷಕರ ದಣಿವು ಮಾತ್ರ ಇಳಿದಿತ್ತು. ಶಾಂತ ಮನಸ್ಸಿನ ಮೇಷ್ಟ್ರು ಸಿಗುವುದು ಕೂಡ ಸಣ್ಣ ಲಾಭವೇನಲ್ಲ ಬಿಡಿ.

ಹಾಗಾದರೆ ಆ ‘ಮನೆ’ ಎಂಬ ಉಳಿದ ಪ್ರಶ್ನೆ? ಉತ್ತರ ಬೆಂಗಳೂರಿನಲ್ಲಿ ಅದು ಎದ್ದು ಕಾಣುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಉದ್ದಕ್ಕೂ ತೋಟ, ಹೊಲಗಳು ಬಡಾವಣೆಗಳಾದವು. ತಂದೆತಾಯಿ ಇಬ್ಬರೂ ಹೆಬ್ಬಾಳದ ವಾಹನಸಂದಣಿ ದಾಟಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಸಂಜೆ ನಾಲ್ಕರಿಂದ ಎಂಟರವರೆಗೆ ಮಗುವಿನ ಜೊತೆಗಿರುವುದು ಟ್ಯೂಷನ್ನು, ಇಲ್ಲವೆ ಮೊಬೈಲು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇಕಡ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿತ್ತು. ನಲವತ್ತು ಜನರ ತರಗತಿಗೆ ಲೆಕ್ಕ ಹಾಕಿದರೆ ಸುಮಾರು ಮೂವರು. ಅವರಿಗೆ ಐದು ನಿಮಿಷದ ಮೌನ ಸಾಲದು. ‘ಏನಾಯಿತಪ್ಪಾ?’ ಎಂದು ಕೇಳಿ, ಉತ್ತರ ಮುಗಿಯುವ ತನಕ ಕಾಯುವ ಹಿರಿಯರೊಬ್ಬರು ಬೇಕು.

ಹಾಗೆ ಕೇಳುವವರು ಮನೆಯಲ್ಲೂ ಶಾಲೆಯಲ್ಲೂ ಸಿಗದಿದ್ದರೆ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ದೂರವಾಣಿ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416, ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.