ಪದ ಪರಿಚಯ: ಬೇಟೆ

ಬೇಟೆ

ಮತಬೇಟೆ, ಪದಕಬೇಟೆ, ವಿಕೆಟ್ ಬೇಟೆ – ಪತ್ರಿಕೆಗಳಲ್ಲಿ ಈ ಪದಕ್ಕೆ ಬಿಡುವೇ ಇಲ್ಲ. ಕ್ರೈಸ್ತ ಸುವಾರ್ತೆ ಸಾರುವುದನ್ನೂ ‘ಆತ್ಮಗಳ ಬೇಟೆ’ ಎನ್ನುವವರಿದ್ದಾರೆ. ಸಾರುವವರಲ್ಲಿ ಕೆಲವರು ಹುರುಪಿನಿಂದ, ವಿರೋಧಿಸುವವರು ಆರೋಪವಾಗಿ.

ಬೇಟೆ ಅಚ್ಚ ದ್ರಾವಿಡ ಪದ. ಹಳಗನ್ನಡದಲ್ಲಿ ಬೇಂಟೆ, ತಮಿಳಿನಲ್ಲಿ ವೇಟ್ಟೈ, ಮಲಯಾಳದಲ್ಲಿ ವೇಟ್ಟ, ತೆಲುಗಿನಲ್ಲಿ ವೇಟ. ಬೇಟೆಯಾಡುವವನು ಬೇಡ, ಬೇಟೆಗಾರ. ಹಳಗನ್ನಡ ಕಾವ್ಯಗಳ ‘ಬೇಟ’ಕ್ಕೆ ಪ್ರೇಮ, ಪ್ರಣಯ ಎಂದರ್ಥ, ಎರಡನ್ನೂ ಕಲಸಬಾರದು. ಸಂಸ್ಕೃತದ ‘ಮೃಗಯಾ’ ಹುಡುಕು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಕನ್ನಡದ ಬೇಟೆಗೆ ಹುಡುಕಾಟದ ಜತೆ ಕೊಲ್ಲುವ ಅರ್ಥವೂ ಅಂಟಿದೆ. ಬಲಿಯಾದ ಪ್ರಾಣಿಯೂ ‘ಬೇಟೆ’ಯೇ.

ಬೈಬಲಿನ ಯೆರೆಮೀಯ 16:16ರಲ್ಲಿ ಬೇಟೆಗಾರರು ಬರುತ್ತಾರೆ. ಆದರೆ ಅದು ತಪ್ಪಿತಸ್ಥರನ್ನು ಬೆಟ್ಟಗುಡ್ಡ, ಬಂಡೆಯ ಸಂದುಗಳಿಂದ ಹಿಡಿದುತರುವ ದಂಡನೆಯ ಮಾತು. ಯೇಸು ಶಿಷ್ಯರನ್ನು ಕರೆದದ್ದು ಮೀನುಗಾರರ ನುಡಿಯಲ್ಲಿ. ಮನುಷ್ಯರನ್ನು ಹಿಡಿಯುವ ಆ ಕರೆಗೆ ಲೂಕ 5:10ರಲ್ಲಿರುವ ಗ್ರೀಕ್ ಕ್ರಿಯಾಪದ ‘ಝೋಗ್ರೆಓ’. ಜೀವಂತ, ಹಿಡಿ ಎಂಬೆರಡು ಪದಗಳು ಕೂಡಿ ಆದದ್ದು. ಜೀವಸಹಿತ ಹಿಡಿ ಎಂದು ಅರ್ಥ. ಯುದ್ಧದಲ್ಲಿ ವೈರಿಯನ್ನು ಕೊಲ್ಲದೆ ಸೆರೆಹಿಡಿಯುವುದಕ್ಕೂ ಗ್ರೀಕರು ಇದನ್ನೇ ಬಳಸುತ್ತಿದ್ದರು. ಅಂದರೆ ಅಲ್ಲಿ ಒತ್ತು ಇರುವುದು ಹಿಡಿತದ ಮೇಲಲ್ಲ, ಜೀವ ಉಳಿಯುವುದರ ಮೇಲೆ.

ಬೇಟೆಯಲ್ಲಿ ಒಬ್ಬನ ಗೆಲುವು ಇನ್ನೊಂದು ಜೀವದ ಸಾವು. ನಂಬಿಕೆಯ ಮಾತನ್ನು ಕೇಳಿದವರಿಗೆ ಒಪ್ಪುವ ಸ್ವಾತಂತ್ರ್ಯವೂ ಇದೆ, ಬಿಡುವ ಸ್ವಾತಂತ್ರ್ಯವೂ ಇದೆ. ಅಂಥ ಕೆಲಸಕ್ಕೆ ಈ ಪದ ಸಲ್ಲದು. ಕನ್ನಡ ಕ್ರೈಸ್ತರ ಬಾಯಲ್ಲಿ ‘ಸುವಾರ್ತೆ ಸಾರು’, ‘ಸಾಕ್ಷಿ ಹೇಳು’ ಎಂಬ ಒಳ್ಳೆಯ ಮಾತುಗಳಿವೆ. ಹೊಗಳುವವರೂ ತೆಗಳುವವರೂ ಅವನ್ನೇ ಬಳಸಲಿ.